ಜೂನ್ ಒಂದು

ಹುಟ್ಟಿದ ತಾರೀಖು ಹೇಳಲಾಗದ ಮಕ್ಕಳಿಗೆಲ್ಲ
ಹೆಡ್‌ಮೇಷ್ಟ್ರು ಜೂನ್ ಒಂದನ್ನು ಹಂಚುತ್ತಿದ್ದರು,
ಮಧ್ಯಾಹ್ನದ ಉಪ್ಪಿಟ್ಟಿನ ಹಾಗೆ.
ಜಬೀನ್‌ತಾಜಳಿಗೂ ನನಗೂ ಸಿಕ್ಕಿದ್ದು ಒಂದೇ ದಿನ,
ಒಂದೇ ವರ್ಷ, ಒಂದೇ ಮಸಿ.
ಶಿಡ್ಲಘಟ್ಟದ ಆಸ್ಪತ್ರೆಯ ಕಂಪ್ಯೂಟರು ಇವತ್ತಿಗೂ
ನಮ್ಮನ್ನು ಅವಳಿ ಅಂತಲೇ ನಂಬಿದೆ:
ಹೆಣ್ಣು, ಐವತ್ತಮೂರು.

ಬೆಂಚಿನ ಮೇಲಿದ್ದ ಹುಡುಗ ಮಾತ್ರ
ಅವಳಿಗೆ "ಅಜ್ಜಿ, ಸ್ವಲ್ಪ ಸರೀರಿ" ಅಂದ.
ನನಗೆ "ಸಿಸ್ಟರ್" ಅಂದ.

ಒಂಬತ್ತನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆ.
ವಿಜ್ಞಾನ ಮುಗಿದು ಸಮಾಜ ಇನ್ನೂ ಉಳಿದಿರುವಾಗ
ನಮ್ಮ ಬೆಂಚು ಇದ್ದಕ್ಕಿದ್ದಂತೆ ಅಗಲವಾಯಿತು.
ನಿಜ ಹೇಳಬೇಕೆಂದರೆ ಅವತ್ತು ನನಗೆ
ಬೇಜಾರಿಗಿಂತ, ಮೊಣಕೈ ಚಾಚಿ ಬರೆಯಲು
ಜಾಗ ಸಿಕ್ಕ ಖುಷಿಯೇ ಹೆಚ್ಚು.
ಅವಳಮ್ಮನಿಗೆ ದಿನ ತುಂಬಿತ್ತು,
ಬೇಸಿನ್ ಖಾಲಿ ಬೀಳುವಂತಿರಲಿಲ್ಲ.
ಕುದಿನೀರಲ್ಲಿ ಗೂಡುಗಳು ಕುಣಿಯುತ್ತವೆ,
ಎಳೆಯ ತುದಿ ಹಿಡಿಯಲು ಬೆರಳೇ ಬೇಕು,
ಎಳೆಬೆರಳಾದರೆ ಇನ್ನೂ ವಾಸಿ.
ಒಂದು ತಿಂಗಳು, ಅಷ್ಟೇ, ಅಂದಿದ್ದರು.

ಅವಳ ವಿಜ್ಞಾನದ ರೆಕಾರ್ಡು ನನ್ನ ಚೀಲದಲ್ಲೇ ಉಳಿಯಿತು.
ಅದರಲ್ಲೊಂದು ಹೃದಯ, ಕೆಂಪು ನೀಲಿ ಪೆನ್ಸಿಲಿನದು.
ಎಡಗಡೆಯ ಗೋಡೆಯನ್ನು ಒತ್ತಿ ಒತ್ತಿ ದಪ್ಪ ಮಾಡಿದ್ದಳು.
"ಮೈಗೆಲ್ಲ ದಬ್ಬೋದು ಅದೇ ತಾನೆ?"
ನಾನು ಅದನ್ನು ನಕಲಿಳಿಸಿ ಹತ್ತನೇ ಪಾಸಾದೆ.
ಪಾಸಾಗಿದ್ದಕ್ಕೆ ಎಎನ್‌ಎಂ ತರಬೇತಿ,
ತರಬೇತಿಗೆ ಬಿಳಿ ಸೀರೆ, ತಿಂಗಳ ಸಂಬಳ,
ಜ್ವರ ಬಂದರೆ ರಜೆ,
ಮೂವತ್ತೆಂಟರಲ್ಲಿ ತಲೆ ಸುತ್ತಿದ ದಿನವೇ
ಬಿಪಿ ನೋಡಿ ಬೈದ ಪಕ್ಕದ ಮೇಜಿನ ಗೆಳತಿ.
ನನ್ನದು ಈಗ ನೂರಾ ಮೂವತ್ತು, ಎಂಬತ್ತನಾಲ್ಕು.

ಅವಳ ತೋಳಿಗೆ ಕಟ್ಟಿದ ಯಂತ್ರ
ಎರಡು ಸಲ ಉಸಿರು ತುಂಬಿಕೊಂಡು
ನೂರಾ ತೊಂಬತ್ತರಲ್ಲಿ ನಿಂತಿತು.
"ಮಾತ್ರೆ ನುಂಗ್ತಿದ್ದೀಯಾ?"
ಚೀಲದಿಂದ ತೆಗೆದಳು: ಆರು ಸ್ಟ್ರಿಪ್ಪು, ಒಂದೂ ಒಡೆದಿಲ್ಲ.
"ನಂದು ಬಿಳಿ. ಇದು ಗುಲಾಬಿ.
ಯಾರದೋ ನನ್ನ ಕೈಗೆ ಬಂದುಬಿಟ್ಟಿದೆ,
ಪಾಪ, ಅವರಿಗೆ ತಲುಪಿಸು."

ಕಂಪನಿ ಬದಲಾಗಿತ್ತು, ಮದ್ದು ಅದೇ.
ಹೆಸರು ಬರೆದಿತ್ತು, ಇರುವೆ ಗಾತ್ರದ ಇಂಗ್ಲಿಷಿನಲ್ಲಿ,
ನಲವತ್ತು ವರ್ಷ ಆವಿ ಹೊಡೆದ ಕಣ್ಣಿಗೆ.
ಆ ಗುಲಾಬಿ ಕೊಟ್ಟವಳು ನಾನೇ.
ಅವತ್ತು ಸಾಲು ಗೇಟಿನವರೆಗೆ ಇತ್ತು,
ತಲೆ ಎತ್ತಿ ಯಾರ ಮುಖವನ್ನೂ ನೋಡಿರಲಿಲ್ಲ.

ಎಕೋ ರಿಪೋರ್ಟು ಬಿಡಿಸಿದೆ. ಎಡಗೋಡೆ ದಪ್ಪವಾಗಿದೆ.
ಹೇಗೆ ಹೇಳಲಿ ಇವಳಿಗೆ,
ಯಾರ ಬಾಯಲ್ಲಿ ಹೇಳಲಿ?
ಚೀಟಿಯ ಹಿಂದೆ ಹೃದಯ ಗೀಚಿದೆ,
ಟೀಚರಮ್ಮನ ದನಿ ತೆಗೆದು ಪೆನ್ನಿಟ್ಟು ತೋರಿಸಿದೆ:
"ನೋಡು, ಇದು ಎಡಗಡೆ, ಇಲ್ಲಿ..."

"ಅದು ಬಲ, ಗಂಗರತ್ನ."

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು,
ಆಧಾರ್ ಯಂತ್ರಕ್ಕೂ ರೇಖೆ ಸಿಗದ ಬೆರಳುಗಳಲ್ಲಿ.
"ಚಿತ್ರದಲ್ಲಿ ಎಡ ಬಲಕ್ಕೆ ಬರುತ್ತೆ.
ಎದುರು ನಿಂತಿರೋ ಮನುಷ್ಯನದಲ್ಲವಾ ಅದು?
ಆಗಲೂ ನೀನು ಇಲ್ಲೇ ತಪ್ಪುತ್ತಿದ್ದೆ."
ಗೋಡೆಯ ಮೇಲೆ ಗೆರೆ, ಗೆರೆಯ ಮೇಲೆ ಗೆರೆ,
ಕಾಗದ ಹರಿಯುವಷ್ಟು ಒತ್ತಿದಳು.

ಟೋಕನ್ ನಲವತ್ತೊಂದು ಕೂಗಿದರು.
ನಾಲ್ಕಕ್ಕೆ ಒಲೆ ಹಚ್ಚಬೇಕು ಅಂತ ಎದ್ದಳು,
ಮಂಡಿಗೆ ಕೈ ಕೊಟ್ಟು.
ಗುಲಾಬಿ ಮಾತ್ರೆ ತಗೊಂಡಳು, ನನ್ನ ಮಾತು ನಂಬಿ.
ಚೀಟಿ ಮೇಜಿನ ಮೇಲೇ ಬಿಟ್ಟಳು.
ನನ್ನ ಪೆನ್ನು ಅವಳ ಜೊತೆ ಹೋಯಿತು.
ಗೇಟು ದಾಟುವವರೆಗೆ ನೋಡಿದೆ,
ಕರೆಯಲಿಲ್ಲ.